ಬೆಳೆ ರಕ್ಷಣೆಯ ಬಂದೂಕು: ಆಯ್ಕೆ, ಮದ್ದುಗುಂಡು ಮತ್ತು ಪರವಾನಗಿ ಕುರಿತು ರೈತರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಪಾಳಾ ಮುಂತಾದ ಗ್ರಾಮಗಳಲ್ಲಿ ಹಾಗೂ ಹಳಿಯಾಳ, ಜೋಯಿಡಾ, ದಾಂಡೇಲಿ ಭಾಗಗಳಲ್ಲಿ ಕೃಷಿಭೂಮಿಯು ಅರಣ್ಯಕ್ಕೆ ಹೊಂದಿಕೊಂಡಿರುತ್ತದೆ. ಭತ್ತ, ಗೋವಿನಜೋಳ ಮತ್ತು ಕಬ್ಬಿನ ಬೆಳೆಗೆ ಕಾಡುಹಂದಿಗಳಿಂದ ಹಾನಿಯಾಗುವುದರಿಂದ, ಮಾಳದಲ್ಲಿ ಕಾವಲಿರುವ ರೈತರು ಹಗುರವೂ ಚಿಕ್ಕದೂ ಆದ ಬಂದೂಕನ್ನು ಅಪೇಕ್ಷಿಸುವುದು ಸಹಜವಾಗಿದೆ. ಆಯ್ಕೆಗೆ ಮುನ್ನ ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಯಾವ ಬಂದೂಕಿಗೆ ಪರವಾನಗಿ ದೊರೆಯುತ್ತದೆ?

ಶಸ್ತ್ರಾಸ್ತ್ರ ಅಧಿನಿಯಮ, 1959ರ 13ನೇ ಪ್ರಕರಣದ ಪ್ರಕಾರ ನೈಜ ಬೆಳೆ ರಕ್ಷಣೆಗಾಗಿ ಮೊದಲು ಪರಿಗಣಿಸುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು, ಅಂದರೆ ಕೇಪಿನ ಕೋವಿಯನ್ನು. ಇದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ಮಾತ್ರ, ನಳಿಗೆಯ ಉದ್ದ 20 ಅಂಗುಲಕ್ಕೆ (ಸುಮಾರು 50.8 ಸೆಂ.ಮೀ.) ಕಡಿಮೆಯಿಲ್ಲದ ಬೇರೆ ನಯನಳಿಗೆ ಬಂದೂಕಿಗೆ ಪರವಾನಗಿ ನೀಡಬಹುದಾಗಿದೆ. ತೋಟಾ ಬಳಸುವ ಒಂಟಿ ನಳಿಗೆ ಅಥವಾ ಜೋಡು ನಳಿಗೆಯ 12 ಬೋರ್ ಬಂದೂಕುಗಳು ಈ ವರ್ಗಕ್ಕೆ ಸೇರುತ್ತವೆ. ಆದ್ದರಿಂದ ಕೇಪಿನ ಕೋವಿಯು ಏಕೆ ಸಾಲದು ಎಂಬುದನ್ನು ಅರ್ಜಿಯಲ್ಲಿಯೇ ಸ್ಪಷ್ಟವಾಗಿ ವಿವರಿಸುವುದು ಸೂಕ್ತ.

2. ನಳಿಗೆಯನ್ನು ಮೊಟಕುಗೊಳಿಸಬಹುದೇ?

ಕೂಡದು. ಹೊತ್ತೊಯ್ಯಲು ಅನುಕೂಲವೆಂದು ಹಳೆಯ ಕೋವಿಯ ನಳಿಗೆಯನ್ನು ಕಮ್ಮಾರಸಾಲೆಯಲ್ಲಿ ಕತ್ತರಿಸುವುದು 6ನೇ ಪ್ರಕರಣದ ಉಲ್ಲಂಘನೆಯಾಗುತ್ತದೆ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಕಾರಾವಾಸ ಹಾಗೂ ದಂಡ ವಿಧಿಸಲು ಅವಕಾಶವಿದೆ. ಪರವಾನಗಿ ಇಲ್ಲದೆ ಬಂದೂಕು ಹೊಂದಿದ್ದಲ್ಲಿ ಸಾಮಾನ್ಯವಾಗಿ 2ರಿಂದ 5 ವರ್ಷಗಳ ಕಾರಾವಾಸ ಹಾಗೂ ದಂಡಕ್ಕೆ ಗುರಿಯಾಗಬೇಕಾಗುತ್ತದೆ. ಚಿಕ್ಕ ಬಂದೂಕು ಬೇಕಾದವರು ಕಾನೂನುಬದ್ಧ ಉದ್ದದಲ್ಲಿಯೇ ತಯಾರಾದ, ಹಗುರವಾದ ಒಂಟಿ ನಳಿಗೆ ಬಂದೂಕನ್ನು ಪರವಾನಗಿ ಹೊಂದಿದ ಮಾರಾಟಗಾರರಿಂದ ಖರೀದಿಸತಕ್ಕದ್ದು. ಬಂದೂಕು ಹಗುರವಾದಷ್ಟೂ ಹೆಗಲಿಗೆ ಬೀಳುವ ಹಿಂದೊದೆತ ಹೆಚ್ಚು ಎಂಬುದು ಗಮನದಲ್ಲಿರಲಿ.

3. ತೋಟಾ ಮತ್ತು ಚರೆಯ ಆಯ್ಕೆ

ಅ) ಚರೆಯ ಸಂಖ್ಯೆ ಹೆಚ್ಚಿದಂತೆ ಚರೆಯ ಗಾತ್ರ ಕಡಿಮೆಯಾಗುತ್ತದೆ. 6ನೇ ಸಂಖ್ಯೆಯ ಚರೆಯ ವ್ಯಾಸ ಸುಮಾರು 2.6 ಮಿ.ಮೀ. ಇದ್ದರೆ, ಎಸ್.ಜಿ. ಎಂಬ ದಪ್ಪ ಚರೆಯದು ಸುಮಾರು 8.4 ಮಿ.ಮೀ. ಇರುತ್ತದೆ.

ಆ) ಸಣ್ಣ ಚರೆಯು ಕಾಡುಹಂದಿಯನ್ನು ಕೊಲ್ಲದೆ ಗಾಯಗೊಳಿಸುವುದೇ ಹೆಚ್ಚು. ಗಾಯಗೊಂಡ ಹಂದಿಯು ಕಬ್ಬಿನ ಗದ್ದೆಯಲ್ಲಿ ಅಡಗಿ ಮರುದಿನ ಕೆಲಸಕ್ಕೆ ಬಂದವರ ಮೇಲೆ ಎರಗುವ ಅಪಾಯವಿದೆ.

ಇ) ಗುರಿ ತಪ್ಪಿದ 6ನೇ ಸಂಖ್ಯೆಯ ಚರೆಯು ಸುಮಾರು 200 ಮೀಟರ್ ಹಾಗೂ ಎಸ್.ಜಿ. ಚರೆಯು 600 ಮೀಟರಿಗೂ ಮಿಕ್ಕಿ ಸಾಗಬಲ್ಲದು. ಒಂಟಿ ಗುಂಡು ಇನ್ನೂ ದೂರ ಹೋಗುತ್ತದೆ. ಪಕ್ಕದ ಗದ್ದೆಯ ಮಾಳದಲ್ಲಿಯೂ ಮನುಷ್ಯರಿರುತ್ತಾರೆ ಎಂಬುದನ್ನು ಮರೆಯದೆ, ಹಿಂಬದಿಯಲ್ಲಿ ದಿಬ್ಬ ಅಥವಾ ನೆಲ ಕಾಣದ ದಿಕ್ಕಿಗೆ ಗುಂಡು ಹಾರಿಸಬಾರದು. ಸದ್ದು ಕೇಳಿದ ಕಡೆಗೆ, ಪ್ರಾಣಿಯನ್ನು ಕಣ್ಣಾರೆ ಗುರುತಿಸದೆ, ಗುರಿಯಿಡಬಾರದು.

ಈ) ಹಳೆಯ ಬಂದೂಕುಗಳಲ್ಲಿ ತೋಟಾ ಕೂರುವ ಕೋಣೆಯು 65 ಮಿ.ಮೀ. ಇರುವ ಸಂಭವವಿದ್ದು, ಅವುಗಳಲ್ಲಿ 70 ಮಿ.ಮೀ. ತೋಟಾ ಬಳಸುವುದು ಅಪಾಯಕರ. ನಳಿಗೆಯ ಮೇಲಿನ ಗುರುತನ್ನು ಮಾರಾಟಗಾರರಿಂದ ಪರೀಕ್ಷಿಸಿಕೊಳ್ಳತಕ್ಕದ್ದು.

4. ಪರವಾನಗಿ ದೊರೆತ ಮಾತ್ರಕ್ಕೆ ಪ್ರಾಣಿಗಳನ್ನು ಕೊಲ್ಲಬಹುದೇ?

ಇಲ್ಲ. ಬಂದೂಕಿನ ಪರವಾನಗಿ ಬೇರೆ, ಬೇಟೆಯ ಅನುಮತಿ ಬೇರೆ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 9ನೇ ಪ್ರಕರಣವು ಬೇಟೆಯನ್ನು ನಿಷೇಧಿಸಿದ್ದು, ಕೊಲ್ಲುವ ಪ್ರಯತ್ನವೂ ಬೇಟೆಯೆಂದೇ ಪರಿಗಣಿತವಾಗುತ್ತದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿಯು 2ನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುತ್ತಿರುವ ಇಂತಹ ಪ್ರಾಣಿಯ ಬಗ್ಗೆ 11ನೇ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯು ಕಾರಣ ದಾಖಲಿಸಿ ಲಿಖಿತ ಅನುಮತಿ ನೀಡಬಹುದು. ಅನುಮತಿಯ ಮೇರೆಗೆ ಕೊಂದ ಪ್ರಾಣಿಯು ಸರ್ಕಾರದ ಸ್ವತ್ತಾಗಿದ್ದು, ಅದರ ಮಾಂಸವನ್ನು ಬಳಸುವಂತಿಲ್ಲ. ಆನೆ ಮತ್ತು ನವಿಲು 1ನೇ ಅನುಸೂಚಿಯಲ್ಲಿದ್ದು, ಬೆಳೆಹಾನಿಯ ಕಾರಣಕ್ಕೆ ಅವುಗಳ ಮೇಲೆ ಗುಂಡು ಹಾರಿಸುವುದು ಗಂಭೀರ ಅಪರಾಧವಾಗಿದೆ. ಬೇಲಿಗೆ ದಾರ ಕಟ್ಟಿ ತಾನಾಗಿ ಸಿಡಿಯುವಂತೆ ಬಂದೂಕು ಇಡುವುದು ಮತ್ತು ಆಹಾರದಲ್ಲಿ ಸಿಡಿಮದ್ದು ಇಡುವುದನ್ನು ಯಾವ ಕಾರಣಕ್ಕೂ ಮಾಡಬಾರದು. ದಾರಿಹೋಕರಿಗೂ ದನಕರುಗಳಿಗೂ ಇವು ಮಾರಕವಾಗಿವೆ.

5. ಅರ್ಜಿ ಸಲ್ಲಿಸುವ ವಿಧಾನ

ಅರ್ಜಿದಾರರಿಗೆ 21 ವರ್ಷ ತುಂಬಿರತಕ್ಕದ್ದು. ಅರ್ಜಿಯನ್ನು ಶಸ್ತ್ರಾಸ್ತ್ರ ನಿಯಮಗಳು, 2016ರ ನಿಗದಿತ ನಮೂನೆಯಲ್ಲಿ, ಕಾರವಾರದಲ್ಲಿರುವ ಜಿಲ್ಲಾ ದಂಡಾಧಿಕಾರಿಯವರಿಗೆ ಸಲ್ಲಿಸಬೇಕು. ಗುರುತು ಮತ್ತು ವಿಳಾಸದ ದಾಖಲೆ, ಭಾವಚಿತ್ರಗಳು ಹಾಗೂ ಆರೋಗ್ಯ ಪ್ರಮಾಣಪತ್ರದೊಂದಿಗೆ ಜಮೀನಿನ ಪಹಣಿ ಪತ್ರಿಕೆಯನ್ನೂ ಸಿದ್ಧವಿಟ್ಟುಕೊಳ್ಳುವುದು ಸೂಕ್ತ. ಪೊಲೀಸ್ ವರದಿಯನ್ನು ಪಡೆದು ಅರ್ಜಿಯನ್ನು ಪರಿಶೀಲಿಸಲಾಗುತ್ತದೆ. ನಿರಾಕರಿಸಿದಲ್ಲಿ 18ನೇ ಪ್ರಕರಣದಂತೆ ಮೇಲ್ಮನವಿಗೆ ಅವಕಾಶವಿದೆ. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ 5 ವರ್ಷಗಳಾಗಿದ್ದು, ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಕೊಡಗಿನ ಕೊಡವ ಸಮುದಾಯ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯು ಈ ಜಿಲ್ಲೆಯ ರೈತರಿಗೆ ಅನ್ವಯಿಸುವುದಿಲ್ಲ.

6. ತಂದೆ ಅಥವಾ ಅಜ್ಜನ ಕಾಲದ ಕೋವಿ

ಪರವಾನಗಿದಾರರು ಮೃತಪಟ್ಟಲ್ಲಿ ಬಂದೂಕು ಮನೆಯ ಇತರ ಸ್ವತ್ತಿನಂತೆ ತಾನಾಗಿ ವಾರಸುದಾರರಿಗೆ ಸೇರುವುದಿಲ್ಲ. ವಾರಸುದಾರರು ಅದನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಠೇವಣಿ ಇರಿಸಿ, ರಸೀದಿ ಪಡೆದು, ತಮ್ಮ ಹೆಸರಿನ ಪರವಾನಗಿಗಾಗಿ ಅರ್ಜಿ ಸಲ್ಲಿಸಬೇಕು. ಅಟ್ಟದ ಮೇಲೆ ಇದ್ದುದೆಂಬ ಕಾರಣವು ರಕ್ಷಣೆ ನೀಡದು.

7. ಬೆಳೆಹಾನಿ ಪರಿಹಾರ

ಬಂದೂಕು ಇರಲಿ, ಇಲ್ಲದಿರಲಿ, ವನ್ಯಪ್ರಾಣಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ದಯಾತ್ಮಕ ಧನ ಕೋರಲು ಅವಕಾಶವಿದೆ. ಹಾನಿಯಾದ ಕೂಡಲೇ ಛಾಯಾಚಿತ್ರ ಮತ್ತು ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ದೂರು ಸಲ್ಲಿಸಿ, ಸ್ಥಳ ಪರಿಶೀಲನೆ ಆಗುವವರೆಗೆ ಹಾನಿಯಾದ ಬೆಳೆಯನ್ನು ತೆರವುಗೊಳಿಸದಿರುವುದು ಒಳಿತು. ಲಿಖಿತ ದೂರುಗಳು ದಾಖಲೆಯಲ್ಲಿದ್ದರೆ, ಮುಂದೆ ಬೇಟೆಯ ಅನುಮತಿ ಅಥವಾ ಬಂದೂಕಿನ ಪರವಾನಗಿ ಕೋರುವಾಗ ರೈತರ ಅಗತ್ಯವನ್ನು ಸಾಬೀತುಪಡಿಸಲು ಅವೇ ಆಧಾರವಾಗುತ್ತವೆ.