ನಮ್ಮ ಶಾಸಕರ ವೋಟಿನ ತೂಕ 131, ಯಾಕೆ ಗೊತ್ತಾ?

ರಾಷ್ಟ್ರಪತಿ ಚುನಾವಣೆಯಲ್ಲಿ ಅರಸೀಕೆರೆ ಶಾಸಕರು ಹಾಕೋ ಒಂದು ವೋಟಿನ ಮೌಲ್ಯ 131. ಬೇಲೂರು ಶಾಸಕರದ್ದೂ ಅಷ್ಟೇ. ಹಳೇಬೀಡು ಬೇಲೂರು ತಾಲ್ಲೂಕಿನಲ್ಲೇ ಇರೋದ್ರಿಂದ ಅಲ್ಲಿನವರ ಪಾಲೂ ಅದರಲ್ಲೇ ಬಂತು. ಆದರೆ ಉತ್ತರ ಪ್ರದೇಶದ ಶಾಸಕರ ವೋಟಿಗೆ 208, ಸಿಕ್ಕಿಂನವರದ್ದಕ್ಕೆ ಬರೀ 7. ಯಾಕೆ ಹೀಗೆ?

ಲೆಕ್ಕ ಸಂವಿಧಾನದ 55ನೇ ವಿಧಿಯಲ್ಲಿದೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1000ದಿಂದ ಭಾಗಿಸಬೇಕು. ಕರ್ನಾಟಕಕ್ಕೆ 2,92,99,014 ಜನ, 224 ಶಾಸಕರು. ಉತ್ತರ 130.8, ಅಂದ್ರೆ 131. ಹಾಸನ ಜಿಲ್ಲೆಯ ಏಳೂ ಶಾಸಕರದ್ದು ಕೂಡಿದ್ರೆ 917, ಇಡೀ ರಾಜ್ಯದ್ದು 29,344. ವಿಧಾನ ಪರಿಷತ್ ಸದಸ್ಯರಿಗೆ ಇಲ್ಲಿ ವೋಟಿಲ್ಲ.

ಎಲ್ಲ ರಾಜ್ಯಗಳ ಶಾಸಕರ ಒಟ್ಟು ಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದರ ವೋಟಿನ ಮೌಲ್ಯ ಸಿಗುತ್ತೆ. 2022ರಲ್ಲಿ ಅದು 700. ಹೀಗಾಗಿ ತಕ್ಕಡಿಯ ಒಂದು ತಟ್ಟೆಯಲ್ಲಿ ಸಂಸತ್ತು, ಇನ್ನೊಂದರಲ್ಲಿ ರಾಜ್ಯಗಳು. ಎರಡೂ ಹೆಚ್ಚುಕಮ್ಮಿ ಸಮ.

ಒಂದ್ನಿಮಿಷ, ಕರ್ನಾಟಕದಲ್ಲಿ ಮೂರು ಕೋಟಿ ಜನಾನೂ ಇಲ್ವಾ ಅಂತ ನೀವು ಕೇಳಬಹುದು. ಅದು 1971ರ ಜನಗಣತಿಯ ಅಂಕಿ. 1976ರಲ್ಲಿ 42ನೇ ತಿದ್ದುಪಡಿ ಅದನ್ನು ಸ್ಥಗಿತಗೊಳಿಸಿತು. 2026ರ ನಂತರದ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗೋವರೆಗೂ 84ನೇ ತಿದ್ದುಪಡಿ ಅದನ್ನೇ ಮುಂದುವರಿಸಿದೆ. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ನಷ್ಟ ಆಗಬಾರದು ಅನ್ನೋದು ಉದ್ದೇಶ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಹಾರ್ಡ್‌ಕೋಡ್ ಮಾಡಿಟ್ಟ ನಂಬರ್!

ಆ ನಂಬರ್ ಬದಲಾದ್ರೆ? 2011ರ ಜನಗಣತಿ ಹಾಕಿ ನಾನೇ ಲೆಕ್ಕ ಮಾಡಿ ನೋಡಿದೆ. ರಾಜಸ್ಥಾನದ ಶಾಸಕರ ವೋಟಿಗೆ ಈಗ 129, ನಮಗಿಂತ ಎರಡು ಕಡಿಮೆ. 2011ರ ಪ್ರಕಾರ ಅವರದ್ದು 343, ನಮ್ಮದು 273. ರಾಜ್ಯದ ಒಟ್ಟು ತೂಕದಲ್ಲೂ ಅವರೇ ಮುಂದೆ. ಕೇರಳದ್ದು ಇನ್ನೂ ಕಷ್ಟ: ಈಗ 152 ಇರೋದು 239 ಆಗುತ್ತೆ, ಉತ್ತರ ಪ್ರದೇಶದ್ದು 496. ಸೀಟು ಜಾಸ್ತಿ ಮಾಡಿದ್ರೂ ಉಪಯೋಗವಿಲ್ಲ. ಒಬ್ಬೊಬ್ಬರ ಮೌಲ್ಯ ಅಷ್ಟಕ್ಕೇ ಇಳಿಯುತ್ತೆ, ರಾಜ್ಯದ ಒಟ್ಟು ತೂಕ ನಿಂತಿರೋದು ಜನಸಂಖ್ಯೆಯ ಮೇಲೆ.

ಅಮೆರಿಕದಲ್ಲಿ ಪ್ರತಿ ಹತ್ತು ವರ್ಷದ ಜನಗಣತಿ ಆದ್ಮೇಲೆ ರಾಜ್ಯಗಳ ಎಲೆಕ್ಟೋರಲ್ ವೋಟು ಮರುಹಂಚಿಕೆ ಆಗುತ್ತೆ. 2020ರ ಗಣತಿಯ ನಂತರ ಕ್ಯಾಲಿಫೋರ್ನಿಯಾ 55ರಿಂದ 54ಕ್ಕೆ ಇಳೀತು. ನಮ್ಮಲ್ಲಿ ಐವತ್ತು ವರ್ಷದ ಬಾಕಿ ಒಂದೇ ಸಲ ತೀರಬೇಕು.

ಇಂದಿನ ಜನಕ್ಕೆ ತಕ್ಕ ತೂಕ ನ್ಯಾಯವೋ, ಚಿಕ್ಕ ಸಂಸಾರ ಸಾಕು ಅಂದ ರಾಜ್ಯಗಳಿಗೆ ಕೊಟ್ಟ ಮಾತು ಉಳಿಸೋದು ನ್ಯಾಯವೋ? ಎರಡರಲ್ಲೂ ನ್ಯಾಯವಿದೆ, ಕಷ್ಟ ಇರೋದೂ ಅಲ್ಲೇ. ಜನಗಣತಿಯವರು ಮನೆಗೆ ಬಂದಾಗ ಈ ಲೆಕ್ಕ ನೆನಪಿರಲಿ.