ಡಿವಿಡಿ ವಿಡಿಯೊ ಪರಿವರ್ತನೆಯ ವೇಗವರ್ಧನೆ

ಡಿವಿಡಿ ವಿಡಿಯೊ ಪರಿವರ್ತನೆ ಎಂದರೆ ಡಿವಿಡಿಯಲ್ಲಿ ದಾಖಲಾಗಿರುವ ಚಿತ್ರ ಮತ್ತು ಧ್ವನಿಯನ್ನು ಎಂಪಿ4, ಎಂಕೆವಿ ಮೊದಲಾದ ಕಡತ ರೂಪಗಳಿಗೆ ಬದಲಾಯಿಸುವ ಪ್ರಕ್ರಿಯೆ. ಎರಡು ಗಂಟೆಗಳ ಚಲನಚಿತ್ರವೊಂದರ ಪರಿವರ್ತನೆ ಕೆಲವು ನಿಮಿಷಗಳಲ್ಲಿ ಮುಗಿಯಬಹುದು. ಇಡೀ ರಾತ್ರಿ ಹಿಡಿಯಲೂಬಹುದು. ಈ ಅಂತರಕ್ಕೆ ಗಣಕಯಂತ್ರದ ಸಾಮರ್ಥ್ಯದಷ್ಟೇ ಆಯ್ದುಕೊಂಡ ವಿಧಾನವೂ ಕಾರಣ. ಡಿಸ್ಕನ್ನು ಓದುವುದು, ಸಂಕುಚಿತ ಚಿತ್ರವನ್ನು ಬಿಡಿಸುವುದು, ಅಗತ್ಯವಿದ್ದರೆ ತಿದ್ದುವುದು, ಹೊಸ ರೂಪದಲ್ಲಿ ಮತ್ತೆ ಸಂಕುಚಿಸುವುದು ಎಂಬ ನಾಲ್ಕು ಹಂತಗಳು ಇದರಲ್ಲಿವೆ. ಇವುಗಳಲ್ಲಿ ಅತ್ಯಂತ ನಿಧಾನವಾದುದನ್ನು ಗುರುತಿಸದೆ ಉಳಿದವನ್ನು ಚುರುಕುಗೊಳಿಸಿದರೆ ಹೆಚ್ಚಿನ ಪ್ರಯೋಜನವಾಗದು.

ಹಿನ್ನೆಲೆ

ಡಿವಿಡಿ 1996ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಿತು. ಇದರ ಚಿತ್ರಭಾಗ ಸಾಮಾನ್ಯವಾಗಿ ಎಂಪೆಗ್-2 ಎಂಬ ಸಂಕೋಚನ ವಿಧಾನದಲ್ಲಿರುತ್ತದೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 720×576 ಬಿಂದುಗಳು, ಸೆಕೆಂಡಿಗೆ 25 ಫ್ರೇಮ್‌ಗಳು. ಅಮೆರಿಕ ಮತ್ತು ಜಪಾನ್‌ಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 720×480 ಬಿಂದುಗಳು, ಸೆಕೆಂಡಿಗೆ 29.97 ಫ್ರೇಮ್‌ಗಳು. ಅಂದರೆ ಎರಡು ಗಂಟೆಗಳ ಪಾಲ್ ಚಿತ್ರದಲ್ಲಿ 1,80,000 ಫ್ರೇಮ್‌ಗಳಿರುತ್ತವೆ. ಸೆಕೆಂಡಿಗೆ 25 ಫ್ರೇಮ್‌ಗಳನ್ನು ಸಂಸ್ಕರಿಸುವ ಯಂತ್ರಕ್ಕೆ ಇದು ಎರಡು ಗಂಟೆಗಳ ಕೆಲಸ, 100 ಫ್ರೇಮ್‌ಗಳನ್ನು ಸಂಸ್ಕರಿಸುವ ಯಂತ್ರಕ್ಕೆ ಅರ್ಧ ಗಂಟೆಯ ಕೆಲಸ. ಪರಿವರ್ತಕ ತಂತ್ರಾಂಶಗಳು ಈ ಸಂಖ್ಯೆಯನ್ನು ತೆರೆಯ ಮೇಲೆ ತೋರಿಸುತ್ತವೆ. ಸೆಟ್ಟಿಂಗ್ ಬದಲಿಸಿದಾಗ ಏನಾಯಿತೆಂದು ತಿಳಿಯಲು ಅದನ್ನು ಗಮನಿಸಿದರೆ ಸಾಕು.

ಸಂಕೋಚನವಿಲ್ಲದ ಪರಿವರ್ತನೆ

ಅತ್ಯಂತ ವೇಗದ ವಿಧಾನವೆಂದರೆ ಚಿತ್ರವನ್ನು ಮತ್ತೆ ಸಂಕುಚಿಸದೇ ಇರುವುದು. ಎಂಪೆಗ್-2 ಚಿತ್ರವನ್ನೂ ಅದರ ಧ್ವನಿಯನ್ನೂ ಇದ್ದಂತೆಯೇ ಎತ್ತಿ ಎಂಕೆವಿ ಕಡತದೊಳಗೆ ಇರಿಸುವ ಈ ಕ್ರಮಕ್ಕೆ ರೀಮಕ್ಸಿಂಗ್ ಎನ್ನುತ್ತಾರೆ. ಇಲ್ಲಿ ಲೆಕ್ಕಾಚಾರವೇ ಇಲ್ಲವೆನ್ನುವಷ್ಟು ಕಡಿಮೆ. ಡಿಸ್ಕನ್ನು ಓದುವ ವೇಗವೇ ಪರಿವರ್ತನೆಯ ವೇಗ. ಗುಣಮಟ್ಟ ಕಿಂಚಿತ್ತೂ ಕುಂದುವುದಿಲ್ಲ. ಕಡತದ ಗಾತ್ರ ಕಡಿಮೆಯಾಗುವುದಿಲ್ಲ ಎಂಬುದು ಇದರ ಕೊರತೆ. ಹಳೆಯ ದೂರದರ್ಶನ ಸೆಟ್ಟುಗಳು ಹಾಗೂ ಕೆಲವು ಮೊಬೈಲ್ ಫೋನುಗಳು ಎಂಕೆವಿ ಕಡತವನ್ನು ತೆರೆಯದಿರಬಹುದು. ಮೇಕ್‌ಎಂಕೆವಿ ಮತ್ತು ಎಫ್‌ಎಫ್‌ಎಂಪೆಗ್ ತಂತ್ರಾಂಶಗಳು ಈ ಕೆಲಸವನ್ನು ಮಾಡುತ್ತವೆ. ಹೆಚ್ಚು ಜನಪ್ರಿಯವಾದ ಹ್ಯಾಂಡ್‌ಬ್ರೇಕ್ ಚಿತ್ರವನ್ನು ಯಾವಾಗಲೂ ಹೊಸದಾಗಿ ಸಂಕುಚಿಸುವುದರಿಂದ ಇದಕ್ಕೆ ಒದಗುವುದಿಲ್ಲ. ಗಾತ್ರವನ್ನು ಇಳಿಸುವ ನಿಜವಾದ ಅಗತ್ಯವಿಲ್ಲದವರೂ ಗಂಟೆಗಟ್ಟಲೆ ಕಾಯುವುದಕ್ಕೆ ಈ ವ್ಯತ್ಯಾಸದ ಅರಿವಿಲ್ಲದಿರುವುದೂ ಒಂದು ಕಾರಣ.

ಓದುವ ಹಂತ

ಡಿವಿಡಿ ಡ್ರೈವಿನ ಮೂಲ ವೇಗ, ಅಂದರೆ 1ಎಕ್ಸ್, ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್. ಈ ವೇಗದಲ್ಲಿ 4.7 ಗಿಗಾಬೈಟಿನ ಒಂದು ಪದರದ ಡಿಸ್ಕನ್ನು ಓದಲು 57 ನಿಮಿಷಗಳು ಬೇಕು. 16ಎಕ್ಸ್ ಎಂದು ಗುರುತಿಸಿದ ಡ್ರೈವ್ ಸೆಕೆಂಡಿಗೆ ಸುಮಾರು 22 ಮೆಗಾಬೈಟ್ ತಲುಪುವುದು ಡಿಸ್ಕಿನ ಹೊರ ಅಂಚಿನಲ್ಲಿ ಮಾತ್ರ. ಒಳಭಾಗದಲ್ಲಿ ವೇಗ ಇದರ ಅರ್ಧಕ್ಕಿಂತಲೂ ಕಡಿಮೆ. ಚಲನಚಿತ್ರದ ಡಿಸ್ಕ್ ಎಂದು ತಿಳಿದೊಡನೆ ಸದ್ದು ಕಡಿಮೆ ಮಾಡಲು ವೇಗವನ್ನು ತಾವಾಗಿಯೇ ತಗ್ಗಿಸುವ ಡ್ರೈವುಗಳೂ ಇವೆ. ಇದಕ್ಕೆ ರಿಪ್‌ಲಾಕ್ ಎಂದು ಹೆಸರು.

ಮೊದಲು ಡಿಸ್ಕಿನ ಪೂರ್ಣ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ತೆಗೆದುಕೊಂಡು ಆಮೇಲೆ ಪರಿವರ್ತಿಸುವುದು ಒಂದು ಹೆಜ್ಜೆ ಹೆಚ್ಚಿಗೆ ಎನಿಸಿದರೂ ಹಲವು ಡಿಸ್ಕುಗಳಿದ್ದಾಗ ಸಮಯವನ್ನು ಉಳಿಸುತ್ತದೆ. ಒಂದರ ಸಂಕೋಚನ ನಡೆಯುತ್ತಿರುವಾಗ ಮುಂದಿನದನ್ನು ಓದಿಸಬಹುದು. ಸೆಟ್ಟಿಂಗ್ ತಪ್ಪಾದರೆ ಡಿಸ್ಕನ್ನು ಎರಡನೆಯ ಬಾರಿ ತಿರುಗಿಸಬೇಕಿಲ್ಲ.

ಮನೆಗಳಲ್ಲಿ ಉಳಿದಿರುವ ಮದುವೆ, ಗೃಹಪ್ರವೇಶಗಳ ಡಿಸ್ಕುಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬರೆಯಬಹುದಾದ ಡಿವಿಡಿ-ಆರ್ ಡಿಸ್ಕುಗಳಲ್ಲಿ ಮಾಹಿತಿಯನ್ನು ಹಿಡಿದಿಡುವುದು ಸಾವಯವ ಬಣ್ಣದ ಒಂದು ಪದರ. ಶಾಖ, ಬೆಳಕು, ತೇವಗಳಿಂದ ಅದು ಕಾಲಕ್ರಮೇಣ ಕೆಡುತ್ತದೆ. ಇಂಥ ಡಿಸ್ಕುಗಳಿಗೆ ಬೇರೆ ಪ್ರತಿಯೇ ಇಲ್ಲದಿರುವುದು ಸಾಮಾನ್ಯ. ಕೆಟ್ಟ ಭಾಗ ಎದುರಾದಾಗ ಡ್ರೈವ್ ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತ ಬಹಳ ಹೊತ್ತು ನಿಂತುಬಿಡುತ್ತದೆ. ಆಗ ಓದುವ ವೇಗವನ್ನು ಕೈಯಾರೆ ತಗ್ಗಿಸಿದರೆ ದೋಷಗಳು ಕಡಿಮೆಯಾಗಿ ಒಟ್ಟು ಕೆಲಸ ಬೇಗ ಮುಗಿಯುವುದುಂಟು. ಗ್ನೂ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶ ಮೊದಲು ಸುಲಭವಾಗಿ ದೊರೆಯುವ ಭಾಗಗಳನ್ನೆಲ್ಲ ನಕಲು ಮಾಡಿ, ತೊಂದರೆಯ ಭಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಗೆ ನಿಂತಿತೆಂಬುದನ್ನು ಬರೆದಿಟ್ಟುಕೊಂಡು ಮರುದಿನ ಅಲ್ಲಿಂದಲೇ ಮುಂದುವರಿಯಬಲ್ಲದು.

ತಿದ್ದುವ ಹಂತ

ಹೆಚ್ಚಿನವರ ಗಮನಕ್ಕೆ ಬಾರದೆ ಸಮಯ ಸೋರಿಹೋಗುವುದು ಇಲ್ಲಿ. ವಿಡಿಯೊ ಕ್ಯಾಮೆರಾದಿಂದ ತೆಗೆದ ಹಳೆಯ ದೃಶ್ಯಗಳು ಇಂಟರ್‌ಲೇಸ್ ಪದ್ಧತಿಯವು: ಒಂದು ಫ್ರೇಮಿನ ಸರಿ ಸಾಲುಗಳೂ ಬೆಸ ಸಾಲುಗಳೂ ಬೇರೆ ಬೇರೆ ಕ್ಷಣಗಳಲ್ಲಿ ಸೆರೆಯಾಗಿರುತ್ತವೆ. ಇವನ್ನು ಹಾಗೆಯೇ ಗಣಕಯಂತ್ರದ ತೆರೆಯ ಮೇಲೆ ತೋರಿಸಿದರೆ ಚಲಿಸುವ ವಸ್ತುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಅದನ್ನು ಸರಿಪಡಿಸುವ ಡಿಇಂಟರ್‌ಲೇಸ್ ಶೋಧಕ ಮದುವೆಯ ಡಿಸ್ಕಿಗೆ ಬೇಕೇಬೇಕು. ಪಾಲ್ ಪದ್ಧತಿಯ ಚಲನಚಿತ್ರದ ಡಿಸ್ಕಿನಲ್ಲಿ ಸಾಮಾನ್ಯವಾಗಿ ಎರಡೂ ಸಾಲುಗಳು ಒಂದೇ ಕ್ಷಣದವು. ಅಲ್ಲಿ ಈ ಶೋಧಕವನ್ನು ಹಚ್ಚಿದರೆ ಸಮಯವೂ ನಷ್ಟ, ಚಿತ್ರದ ಸೂಕ್ಷ್ಮವೂ ನಷ್ಟ. ಎನ್‌ಟಿಎಸ್‌ಸಿ ಚಲನಚಿತ್ರಗಳಲ್ಲಿ ಸೇರಿಸಲಾದ ಹೆಚ್ಚುವರಿ ಫ್ರೇಮ್‌ಗಳನ್ನು ತೆಗೆದು ಸೆಕೆಂಡಿಗೆ 23.976ಕ್ಕೆ ಇಳಿಸಿದರೆ ಕೆಲಸವೇ ಐದನೆಯ ಒಂದು ಭಾಗ ಕಡಿಮೆಯಾಗುತ್ತದೆ.

ಗದ್ದಲ ನಿವಾರಕ ಶೋಧಕಗಳು ಕೆಲವೊಮ್ಮೆ ಸಂಕೋಚನಕ್ಕಿಂತಲೂ ನಿಧಾನ. ಚಿತ್ರವನ್ನು 1920×1080ಕ್ಕೆ ಹಿಗ್ಗಿಸುವುದು ಇನ್ನೊಂದು ತಪ್ಪು ನಡೆ. ಬಿಂದುಗಳ ಸಂಖ್ಯೆ ಸರಿಯಾಗಿ ಐದು ಪಟ್ಟು ಏರುತ್ತದೆ, ಸಾಧಾರಣ ಹಿಗ್ಗಿಸುವಿಕೆಯಿಂದ ಡಿಸ್ಕಿನಲ್ಲಿ ಇಲ್ಲದ ವಿವರ ಮಾತ್ರ ಬರುವುದಿಲ್ಲ.

ಸಂಕೋಚನದ ಹಂತ

ಇಂದು ಹೆಚ್ಚು ಬಳಕೆಯಲ್ಲಿರುವ ಎಚ್.264 ವಿಧಾನ 2003ರದು, ಎಚ್.265 ವಿಧಾನ 2013ರದು. ಎರಡನೆಯದು ಕಡತವನ್ನು ಇನ್ನಷ್ಟು ಕಿರಿದಾಗಿಸುತ್ತದೆಯಾದರೂ ಹೆಚ್ಚು ಲೆಕ್ಕಾಚಾರ ಬೇಡುತ್ತದೆ. ಎಚ್.264ಕ್ಕಾಗಿ ಇರುವ ಎಕ್ಸ್264 ತಂತ್ರಾಂಶದಲ್ಲಿ ಅಲ್ಟ್ರಾಫಾಸ್ಟ್‌ನಿಂದ ಪ್ಲಸೀಬೊವರೆಗೆ ಹತ್ತು ಸಿದ್ಧ ಮಟ್ಟಗಳಿವೆ. ಕೊನೆಯ ಮಟ್ಟದ ಹೆಸರೇ ಅದರ ಉಪಯೋಗವೆಷ್ಟು ಎಂಬುದನ್ನು ಹೇಳುತ್ತದೆ. ಮಧ್ಯದ ಮಟ್ಟದಿಂದ ಫಾಸ್ಟ್‌ಗೆ ಬಂದರೆ ವೇಗ ಹೆಚ್ಚುತ್ತದೆ, ಕಡತ ತುಸು ದಪ್ಪವಾಗುತ್ತದೆ. ನಿಗದಿತ ಗಾತ್ರವೇ ಬೇಕೆಂಬ ಒತ್ತಾಯವಿಲ್ಲದಿದ್ದರೆ ಎರಡು ಸುತ್ತಿನ ಸಂಕೋಚನವನ್ನು ಬಿಟ್ಟು, ಸ್ಥಿರ ಗುಣಮಟ್ಟದ ಒಂದೇ ಸುತ್ತನ್ನು ಬಳಸಬಹುದು. ಧ್ವನಿಯನ್ನು ಇದ್ದಂತೆಯೇ ನಕಲು ಮಾಡಬಹುದು.

ಹೆಚ್ಚು ಕೋರ್‌ಗಳಿರುವ ಪ್ರೊಸೆಸರ್ ಕೊಂಡರೂ ಡಿವಿಡಿ ಪರಿವರ್ತನೆ ಅಷ್ಟೇ ಪಟ್ಟು ಚುರುಕಾಗುವುದಿಲ್ಲ. ಒಂದು ಫ್ರೇಮಿನ ಸಂಕೋಚನ ಹಿಂದಿನ ಫ್ರೇಮನ್ನು ಅವಲಂಬಿಸಿರುತ್ತದೆ. ಡಿವಿಡಿಯ ಚಿಕ್ಕ ಫ್ರೇಮಿನಲ್ಲಿ ಏಕಕಾಲಕ್ಕೆ ಹಂಚಬಹುದಾದ ಕೆಲಸವೂ ಚಿಕ್ಕದು. ಪರಿವರ್ತನೆಯ ವೇಳೆ ಪ್ರೊಸೆಸರಿನ ಬಳಕೆ 100 ಶೇಕಡಾ ತಲುಪದಿದ್ದರೆ, ಹಾರ್ಡ್ ಡಿಸ್ಕಿನಲ್ಲಿರುವ ಎರಡು ಪ್ರತಿಗಳನ್ನು ಒಟ್ಟಿಗೆ ಪರಿವರ್ತಿಸುವುದು ಲಾಭಕರ.

ಇದರ ಹಿಂದಿನ ತತ್ತ್ವವನ್ನು ಗಣಕ ವಿಜ್ಞಾನಿ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದರು. ಓದಲು 30 ನಿಮಿಷ, ಆನಂತರ ಸಂಕುಚಿಸಲು 60 ನಿಮಿಷ ಹಿಡಿಯುವ ಕೆಲಸದಲ್ಲಿ ಸಂಕೋಚನದ ವೇಗವನ್ನು ಇಮ್ಮಡಿಗೊಳಿಸಿದರೆ 90 ನಿಮಿಷ 60ಕ್ಕೆ ಇಳಿಯುತ್ತದೆ, 45ಕ್ಕೆ ಅಲ್ಲ. ಸಂಕೋಚನ ಕ್ಷಣಮಾತ್ರದಲ್ಲಿ ಮುಗಿದರೂ ಓದುವ 30 ನಿಮಿಷ ಉಳಿದೇ ಇರುತ್ತದೆ.

ಯಂತ್ರಾಂಶದ ನೆರವು

ಇಂಟೆಲ್ ಸಂಸ್ಥೆಯ ಕ್ವಿಕ್ ಸಿಂಕ್ 2011ರಲ್ಲಿ, ಎನ್‌ವಿಡಿಯಾದ ಎನ್‌ವಿಎನ್‌ಕ್ 2012ರಲ್ಲಿ ಬಂದವು. ಇವು ಸಂಕೋಚನಕ್ಕೆಂದೇ ರೂಪಿಸಿದ ಪ್ರತ್ಯೇಕ ಮಂಡಲಗಳು; ಪ್ರೊಸೆಸರಿನ ಹೊರೆಯನ್ನು ಬಹುಮಟ್ಟಿಗೆ ಇಳಿಸುತ್ತವೆ. ಎಕ್ಸ್264ರ ನಿಧಾನ ಮಟ್ಟಗಳು ಕೊಡುವ ಗುಣಮಟ್ಟವನ್ನೇ ಇವುಗಳಿಂದ ಪಡೆಯಲು ಸಾಮಾನ್ಯವಾಗಿ ದೊಡ್ಡ ಕಡತ ಬೇಕಾಗುತ್ತದೆ. ಎಂಪೆಗ್-2ನ್ನು ಬಿಡಿಸುವುದು ಇಂದಿನ ಪ್ರೊಸೆಸರಿಗೆ ಹಗುರವಾದ ಕೆಲಸವಾದ್ದರಿಂದ, ಅದಕ್ಕೂ ಯಂತ್ರಾಂಶದ ನೆರವು ಪಡೆದರೆ ಗಣನೀಯ ಉಳಿತಾಯವೇನೂ ಆಗುವುದಿಲ್ಲ. ಲ್ಯಾಪ್‌ಟಾಪ್‌ಗಳು ಬಿಸಿಯೇರಿದಾಗ ವೇಗವನ್ನು ತಾವೇ ಇಳಿಸಿಕೊಳ್ಳುವುದರಿಂದ, ದೀರ್ಘ ಪರಿವರ್ತನೆಯ ವೇಳೆ ಅವನ್ನು ಹಾಸಿಗೆಯ ಮೇಲಿಡದೆ ಗಾಳಿಯಾಡುವ ಮೇಜಿನ ಮೇಲಿಡುವುದು ಒಳ್ಳೆಯದು.

ಕಾನೂನು

ಮಾರಾಟದ ಅನೇಕ ಡಿವಿಡಿಗಳಲ್ಲಿ ಸಿಎಸ್ಎಸ್ ಎಂಬ ಗೂಢಲಿಪಿ ರಕ್ಷಣೆಯಿರುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ವಿಧಿಯ ಪ್ರಕಾರ, ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಭೇದಿಸುವುದು ಶಿಕ್ಷಾರ್ಹ. ಮನೆಯವರೇ ಚಿತ್ರೀಕರಿಸಿ ಬರೆದಿಟ್ಟ ಡಿಸ್ಕುಗಳಲ್ಲಿ ಈ ರಕ್ಷಣೆ ಇರುವುದಿಲ್ಲ.