ಲೆಕ್ಕದಲ್ಲಿ ಚುರುಕು, ಓದಿನಲ್ಲಿ ತಡವರಿಕೆ: ಏಕೆ?

ಪ್ರಶ್ನೆ: ಒಂಬತ್ತು ವರ್ಷದ ಮಗ ಅಂಗಡಿಯಲ್ಲಿ ಬಾಯಲ್ಲೇ ಲೆಕ್ಕ ಹೇಳುತ್ತಾನೆ, ಪಾಠ ಓದಲು ತಡವರಿಸುತ್ತಾನೆ. ದಡ್ಡನೇ?
– ಓದುಗರು, ಗಾಂಧಿ ಗಂಜ, ಬೀದರ್

ಉತ್ತರ: ಖಂಡಿತ ಅಲ್ಲ. ಬುದ್ಧಿ ಚುರುಕಿದ್ದರೂ ಅಕ್ಷರಕ್ಕೆ ಉಚ್ಚಾರ ಜೋಡಿಸುವುದು ಕಷ್ಟವಾದರೆ ಅದು ಡಿಸ್‌ಲೆಕ್ಸಿಯಾ ಇರಬಹುದು. ಕನ್ನಡದಲ್ಲಿ ಒತ್ತಕ್ಷರ, ಗುಣಿತಾಕ್ಷರಗಳು ಹೆಚ್ಚು ಕಾಡುತ್ತವೆ. ಬರವಣಿಗೆಯ ತೊಡಕು ಡಿಸ್‌ಗ್ರಾಫಿಯಾ, ಅಂಕಿಗಳದ್ದು ಡಿಸ್‌ಕ್ಯಾಲ್ಕುಲಿಯಾ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮನೆಮಾತು ಮರಾಠಿಯೋ ಉರ್ದುವೋ ಆಗಿದ್ದು ಶಾಲೆಯ ಕನ್ನಡ ಹೊಸದಾಗಿದ್ದರೆ ಅದು ನ್ಯೂನತೆಯಲ್ಲ. ಆಮೇಲೂ ಅನುಮಾನವಿದ್ದರೆ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರನ್ನು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇಂಥ ಕಲಿಕಾ ನ್ಯೂನತೆಯೂ ಇದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಹೊಡೆಯಬೇಡಿ, ಹೋಲಿಸಬೇಡಿ, ದಿನಾ ಸ್ವಲ್ಪ ಹೊತ್ತು ಜೊತೆಗೆ ಕೂತು ಓದಿಸಿ.